ಮನೆಮಂದಿ ಕೂತು ನೋಡುವಂಥದ್ದು

ಮಾವ ಹಗಲುಹೊತ್ತಿನಲ್ಲಿ ಪರದೆ ಎಳೆದುಕೊಂಡು ಏನು ನೋಡುತ್ತಾರೆ ಎಂಬ ಹುಳವನ್ನು ಸೊಸೆಯ ತಲೆಗೆ ಬಿಟ್ಟವಳು ಪಕ್ಕದ ಮನೆಯಾಕೆ. ಬಟ್ಟೆ ಒಣಹಾಕುವ ನೆಪದಲ್ಲಿ ಗೋಡೆಯ ಮೇಲಿಂದ ಬಗ್ಗಿ, ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪನ್ನೂ ತೆಗೆಯದೆ ಕೇಳಿದಳು.

"ನಿಮ್ಮ ಆಪರೇಟರ್ ಮಾವನಿಗೆ ಹುಷಾರಿಲ್ವಾ?"

"ಚೆನ್ನಾಗೇ ಇದ್ದಾರಲ್ಲ. ಯಾಕೆ?"

"ಅಲ್ಲ, ನೀನು ಕೆಲಸಕ್ಕೆ ಹೋದ ಮೇಲೆ ದಿನಾ ಪರದೆ ಮುಚ್ಚಿರುತ್ತೆ. ಸಂದಿಯಿಂದ ಟಿ.ವಿ. ಬೆಳಕು ಕಾಣುತ್ತೆ, ಸದ್ದು ಮಾತ್ರ ಇಲ್ಲ. ಸದ್ದಿಲ್ಲದೆ ಸಿನಿಮಾ ಯಾರು ನೋಡ್ತಾರಮ್ಮ? ಹೋಗ್ಲಿ ಬಿಡು, ನನಗ್ಯಾಕೆ ಊರ ಉಸಾಬರಿ."

ಊರ ಉಸಾಬರಿ ಬೇಡ ಎನ್ನುವವರೇ ಊರನ್ನು ತಲೆಯ ಮೇಲೆ ಹೊತ್ತು ತಿರುಗುವವರು. ಸೊಸೆ ಬಕೆಟ್ಟು ಎತ್ತಿಕೊಂಡು ಒಳಗೆ ಬಂದಳು. ಆದರೆ ಹುಳ ಹುಳವೇ. ಅವಳು ಅಂಗಿ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಟೇಬಲ್ಲಿನವಳು. ಹೊಲಿದ ಅಂಗಿ ಮುಂದೆ ಬಂದರೆ ಕಾಲರ್ ಮಗುಚಿ, ಕಂಕುಳ ಜೋಡಣೆ ಎಳೆದು, ಹೊಲಿಗೆ ಎಲ್ಲಿ ತಪ್ಪಿದೆ ಎಂದು ಹುಡುಕುವುದೇ ಅವಳ ಅನ್ನ. ಮನೆಯಲ್ಲೂ ಆ ಕಣ್ಣಿಗೆ ರಜೆ ಇರಲಿಲ್ಲ. ಶಾಲೆಯ ವ್ಯಾನು ಓಡಿಸುವ ಗಂಡ, ಸಂಜೆ ಮನೆಗೆ ಕಾಲಿಡುವಾಗಲೇ ಜೇಬು ಹೊರಕ್ಕೆ ಎಳೆದು ತೋರಿಸಿ, "ಚೆಕ್ಕಿಂಗ್ ಮೇಡಂ, ಪಾಸಾ?" ಎಂದು ರೇಗಿಸುತ್ತಿದ್ದ.

ಭಾನುವಾರ ಸಂಜೆ ಎಲ್ಲರೂ ಒಟ್ಟಿಗೆ ಕೂತು ಒಂದು ಸಿನಿಮಾ ನೋಡುವುದು ಆ ಮನೆಯ ಕಟ್ಟುಪಾಡು. ತಿಂಗಳ ಚಂದಾ ಕಟ್ಟಿ, ಟಿ.ವಿ.ಯೊಳಗೆ ಸಾವಿರಾರು ಸಿನಿಮಾ ತುಂಬಿಕೊಂಡ ಮೊದಲ ವಾರವೇ ಫಜೀತಿಯಾಗಿತ್ತು. 'ಕೌಟುಂಬಿಕ' ಎಂದು ಬರೆದಿದ್ದನ್ನು ನಂಬಿ ಹಾಕಿದರೆ, ಅರ್ಧ ಗಂಟೆ ಕಳೆಯುವುದರೊಳಗೆ ನಾಯಕ ನಾಯಕಿ ಅಂಗಿಯ ಗುಂಡಿಗೆ ಕೈಹಾಕಿದರು. ಅತ್ತೆ ಫ್ಯಾನು ನೋಡಿದರು. ಗಂಡ ಇಲ್ಲದ ಕೆಮ್ಮು ಕೆಮ್ಮಿದ. ಸೊಸೆಗೆ ಒಲೆಯ ಮೇಲೆ ಇಡದೇ ಇದ್ದ ಹಾಲಿನ ನೆನಪಾಯಿತು. ಮಗಳು ಚೂಟಿ ಮಾತ್ರ ಕಣ್ಣು ಕೀಳದೆ ನೋಡಿ, "ತಾತ, ಇವ್ರಿಗೆ ಅಷ್ಟೊಂದು ಸೆಖೆನಾ?" ಎಂದು ಕೇಳಿದಳು.

ಅಂದಿನಿಂದ ರಿಮೋಟು ಮಾವನ ಕೈಗೆ ಹೋಯಿತು. ಅವರಿಗಿಂತ ಯೋಗ್ಯರು ಯಾರು? ವಯಸ್ಸಿಡೀ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಮಾಲೀಕ ಕೆಳಗಿಂದ ಗಂಟೆ ಒತ್ತಿದರೆ ಇವರು ಮೇಲೆ ಮಸೂರಕ್ಕೆ ಅಂಗೈ ಅಡ್ಡ ಇಡಬೇಕು. ಸಂಸಾರಸ್ಥರು ಬಂದ ಆಟಕ್ಕೆ ಅಂಗೈ, ಪಡ್ಡೆಗಳು ಬಂದ ಆಟಕ್ಕೆ ಇಡೀ ಚಿತ್ರ. ಆ ಅಂಗೈಗೆ ಈಗ ರಿಮೋಟು ಸಿಕ್ಕಿತ್ತು. ವಾರದ ದಿನ ಮಧ್ಯಾಹ್ನ ತಾವೊಬ್ಬರೇ ಚಿತ್ರ ನೋಡಿ 'ಪಾಸು' ಮಾಡುವುದು, ಭಾನುವಾರ ಎಲ್ಲರ ಎದುರು ಬೇಡದ ಜಾಗ ಹಾರಿಸುವುದು. ಯಾವ ಜಾಗ ಎಂದು ಯಾರೂ ಕೇಳಿದವರಲ್ಲ. ಬೇಡದ್ದು ಅಂದರೆ ಯಾವುದೆಂದು ಎಲ್ಲರಿಗೂ ಗೊತ್ತಿದೆ ಎಂದೇ ಎಲ್ಲರೂ ನಂಬಿದ್ದರು.

ಆ ವಾರದ ಚಿತ್ರದಲ್ಲಿ ಒಬ್ಬ ಹೆಂಗಸು. ಚೆಂದದ ಮನೆ, ಮುಂದೆ ಹೂತೋಟ, ಹೂಗಿಡಕ್ಕೆ ನೀರು ಹಾಕುವ ಗಂಡ. ಅವಳು ತಟ್ಟೆ ಒರೆಸುತ್ತ ನಿಂತಿದ್ದಾಗ ಮಾವನ ಹೆಬ್ಬೆರಳು ಆಡಿತು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿದಾಗ, ಆಕೆ ಪೆಟ್ಟಿಗೆ ಹಿಡಿದು ಬಸ್‌ನಿಲ್ದಾಣದಲ್ಲಿ ನಿಂತಿದ್ದಳು.

"ಅಯ್ಯೋ, ಇವಳಿಗೇನು ಬಂತು ದೊಡ್ಡ ರೋಗ?" ಎಂದರು ಅತ್ತೆ, ಕಡಲೆಬೀಜದ ಸಿಪ್ಪೆ ಊದುತ್ತ. "ಚಿನ್ನದಂಥ ಗಂಡ, ಕೂತು ತಿನ್ನೋಕೆ ಮನೆ. ಸುಮ್ಸುಮ್ನೆ ಹೊಸ್ತಿಲು ದಾಟಿದಳು ನೋಡು."

"ಅಜ್ಜಿ, ಅವಳ ಹಣೆ ಮೇಲೆ ಪ್ಲಾಸ್ಟರ್ ಯಾಕಿದೆ?" ಚೂಟಿ ಕೇಳಿದಳು. "ತಟ್ಟೆ ಒರೆಸುವಾಗ ಇರಲಿಲ್ಲ."

"ಬಿದ್ದಿರ್ತಾಳೆ. ಸುಮ್ನೆ ನೋಡೆ."

ಅಡುಗೆಮನೆ ಬಾಗಿಲಿಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ನಾದಿನಿ ತಲೆ ಎತ್ತದೆ ಹೇಳಿದಳು: "ಬಾಗಿಲು ತಗುಲಿರುತ್ತೆ."

ನಾದಿನಿ ಗಂಡನ ಮನೆಯಿಂದ ಬಂದು ವಾರಗಳಾಗಿದ್ದವು. ಒಂದೇ ಚೀಲ, ಆ ಬಿಸಿಲಿನಲ್ಲೂ ಮಣಿಕಟ್ಟಿನವರೆಗೆ ತೋಳಿದ್ದ ಅಂಗಿ, ಕಣ್ಣಿನ ಕೆಳಗೊಂದು ಹಳದಿ ತಿರುಗಿದ ಕಲೆ. ಬಾಗಿಲು ತಗುಲಿತು ಎಂದಿದ್ದಳು. ಬೀದಿಗೆ 'ರಜೆಗೆ ಬಂದಿದ್ದಾಳೆ' ಎಂದು ಅತ್ತೆ ಸಾರಿದರು. ಗಂಡನೆಂಬವನ ಔಷಧಿ ಅಂಗಡಿಗೆ ರಜೆ ಇಲ್ಲ, ಇವಳೊಬ್ಬಳಿಗೇ ಎಂಥ ರಜೆ ಎಂದು ಬೀದಿ ಕೇಳಲಿಲ್ಲ, ಮನೆಯೂ ಕೇಳಲಿಲ್ಲ. ಎಲ್ಲರೂ ಅವಳ ತಟ್ಟೆಗೆ ಒಂದು ಸೌಟು ಜಾಸ್ತಿ ಬಡಿಸಿ, ಅವಳ ಮುಖ ಬಿಟ್ಟು ಉಳಿದಿದ್ದೆಲ್ಲ ನೋಡಿದರು.

ಅಂದು ಸೊಸೆ ಮಾವನ ಹೆಬ್ಬೆರಳನ್ನು ನೋಡಿದಳು. ಅದು ರಿಮೋಟಿನ ಮೇಲೆ ನಡುಗುತ್ತಿತ್ತು. ಮುತ್ತು ಹಾರಿಸುವಾಗ ಆ ಬೆರಳು ಯಾವತ್ತೂ ನಡುಗಿದ್ದಿಲ್ಲ.

ಮಾರನೆಯ ದಿನ ಬೆಳಿಗ್ಗೆ, ಚೂಟಿಯ ಜಡೆ ಹೆಣೆಯುತ್ತ ಗಂಡನನ್ನು ಕೇಳಿದಳು.

"ರೀ, ಮಾವ ಸಿನಿಮಾದಲ್ಲಿ ಏನು ಹಾರಿಸ್ತಾರೆ?"

"ಹಾರಿಸಬೇಕಾದ್ದನ್ನ. ನಿನಗೆ ಆ ಸೀನ್ ಬೇಕಿತ್ತಾ?" ಅವನು ಬೂಟಿನ ದಾರ ಕಟ್ಟುತ್ತ ಕಣ್ಣು ಮಿಟುಕಿಸಿದ.

"ತಮಾಷೆ ಸಾಕು. ಕಥೆ ಕೂಡ್ತಾ ಇಲ್ಲ. ಹೋದ ವಾರದ್ದರಲ್ಲೂ ಹೆಂಡತಿ ಮನೆ ಬಿಟ್ಟಳು, ಅದರ ಹಿಂದಿನದರಲ್ಲೂ ಬಿಟ್ಟಳು. ಯಾಕೆ ಬಿಟ್ಟಳು ಅಂತ ಒಂದರಲ್ಲೂ ಗೊತ್ತಾಗಲ್ಲ. ಪ್ರತಿ ಸಲ ಅತ್ತೆ ಬೈತಾರೆ, ಪ್ರತಿ ಸಲ ಸಣ್ಣಿ ಕೇಳಿಸ್ಕೋತಾಳೆ."

ಸಣ್ಣಿ ಎಂದರೆ ನಾದಿನಿ. ತಂಗಿಯ ಹೆಸರು ಬಂದ ಕೂಡಲೇ ಅವನ ಮುಖದ ನಗು ಇಳಿಯಿತು.

"ಅವಳ ಗಂಡ ಫೋನ್ ಮಾಡಿದ್ದ. ಬರೋ ಭಾನುವಾರ ಬಿಟ್ಟು ಮುಂದಿನದಕ್ಕೆ ಬಂದು ಕರ್ಕೊಂಡು ಹೋಗ್ತಾನಂತೆ. ಅಪ್ಪ ಒಪ್ಪಿದಾರೆ."

"ಅವಳು?"

"ಅವಳನ್ನೇನು ಕೇಳೋದು? ರಜೆ ಮುಗೀತಲ್ಲ."

ಸೊಸೆಯ ಕೈ ಜಡೆಯಲ್ಲೇ ನಿಂತಿತು. ಚೂಟಿ "ಅಮ್ಮಾ, ನೋವು" ಎಂದಾಗಲೇ ಅವಳಿಗೆ ಎಚ್ಚರ. ಅಂದರೆ ಇದು ಹೂಟ. ಅಪ್ಪ ಮಗ ಸೇರಿ, ಮಾತಲ್ಲಿ ಹೇಳಲಾಗದ್ದನ್ನು ಸಿನಿಮಾದ ಬಾಯಲ್ಲಿ ಹೇಳಿಸುತ್ತಿದ್ದಾರೆ: ಮನೆ ಬಿಟ್ಟವಳಿಗೆ ಗತಿಯಿಲ್ಲ, ವಾಪಸ್ಸು ಹೋಗು. ಅದಕ್ಕೇ ಕಾರಣ ಹಾರಿಸಿ ಬರೀ ಹೊಸ್ತಿಲು ದಾಟುವುದನ್ನು ತೋರಿಸುವುದು. ಎಷ್ಟು ಹದವಾಗಿ ಕತ್ತರಿ ಆಡಿಸಿದ್ದಾರೆ!

ಆದರೆ ಈ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಎಳೆ ಇತ್ತು, ಅದನ್ನು ಅವಳು ಮಗುಚಿ ನೋಡಲು ಹೋಗಲಿಲ್ಲ. ನಾದಿನಿ ಬಂದಾಗಿನಿಂದ ಚೂಟಿ ತನ್ನ ಕೋಣೆ ಅವಳಿಗೆ ಬಿಟ್ಟು, ಗಂಡ ಹೆಂಡಿರ ನಡುವೆ ಮಲಗುತ್ತಿದ್ದಳು. ಮುಂದಿನ ಭಾನುವಾರ ಕೋಣೆ ಖಾಲಿಯಾಗುತ್ತದೆ ಎಂದು ಕೇಳಿದ ಕ್ಷಣ, ಸೊಸೆಯ ಬೆನ್ನು ತನ್ನಷ್ಟಕ್ಕೆ ತಾನೇ ಸ್ವಲ್ಪ ಸಡಿಲವಾಗಿತ್ತು.

ಗುರುವಾರ ಕಾರ್ಖಾನೆಗೆ ಗುಂಡಿಯ ಪೆಟ್ಟಿಗೆಗಳು ಬರಲಿಲ್ಲ. ಗುಂಡಿಯಿಲ್ಲದ ಅಂಗಿಯನ್ನು ಚೆಕ್ ಮಾಡುವುದೇನು? ಮಧ್ಯಾಹ್ನ ಊಟಕ್ಕೆ ಮುಂಚೆಯೇ ಎಲ್ಲರನ್ನೂ ಮನೆಗೆ ಕಳಿಸಿದರು. ಸೊಸೆ ಬೀದಿಯ ತಿರುವಿನಲ್ಲೇ ಮನೆಯ ಕಿಟಕಿ ನೋಡಿದಳು. ಪರದೆ ಎಳೆದಿತ್ತು.

ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳಿಯ ಹಾಗೆ ತನ್ನದೇ ಮನೆಯೊಳಕ್ಕೆ ಬಂದಳು. ಹಿಂದಿನ ಕೋಣೆಯಿಂದ ಅತ್ತೆಯ ಗೊರಕೆ. ನಾದಿನಿ ಅರ್ಧ ದಿನದ ಶಾಲೆಯಿಂದ ಚೂಟಿಯನ್ನು ಕರೆತರಲು ಹೋಗಿದ್ದಳು. ನಡುಮನೆಯ ಬಾಗಿಲ ಸಂದಿಗೆ ಸೊಸೆ ಕಣ್ಣಿಟ್ಟಳು. ಎಂಥ ಹೊಲಸು ಕಂಡರೂ ಕಿರುಚಬಾರದು ಎಂದು ಕೆಳದುಟಿಯನ್ನು ಕಚ್ಚಿ ಹಿಡಿದಿದ್ದಳು.

ಟಿ.ವಿ.ಯಲ್ಲಿ ಒಬ್ಬಳು ಒಲೆಯ ಮೇಲಿನ ಹಾಲು ನೋಡುತ್ತ ನಿಂತಿದ್ದಳು. ಗಂಡ ಒಳಗೆ ಬಂದ. ಏನೋ ಕೇಳಿದ. ಸದ್ದಿಲ್ಲ. ಅವಳು ಏನೋ ಹೇಳಿದಳು. ಹಾಲು ಉಕ್ಕಿತು, ಅವನ ಕೈ ಬೀಸಿತು. ಅವಳು ಒಲೆಗೆ ತಗುಲಿ ಕೆಳಗೆ ಬಿದ್ದಳು. ಮಾವ ಚಿತ್ರವನ್ನು ಹಿಂದಕ್ಕೆ ಓಡಿಸಿದರು. ಬಿದ್ದವಳು ಎದ್ದಳು, ಕೈ ಹಿಂದಕ್ಕೆ ಹೋಯಿತು, ಹಾಲು ಪಾತ್ರೆಗೆ ಇಳಿಯಿತು. ಮತ್ತೆ ಮುಂದಕ್ಕೆ. ಮತ್ತೆ ಕೈ ಬೀಸಿತು. ಮತ್ತೆ ಹಿಂದಕ್ಕೆ. ಮಾವ ಕುರ್ಚಿಯ ತುದಿಯಲ್ಲಿ ಕೂತು ತಮ್ಮಷ್ಟಕ್ಕೆ ಗೊಣಗುತ್ತಿದ್ದರು: "ಹಾಲು ಉಕ್ಕೋಕೆ ಮುಂಚೆ... ಹಾಲು ಉಕ್ಕೋಕೆ ಮುಂಚೆ ಒತ್ತಬೇಕು."

"ಇದಾ ನೀವು ಹಾರಿಸೋದು?"

ಮಾವ ಬೆಚ್ಚಿ ರಿಮೋಟು ಬೀಳಿಸಿದರು. ಕೈ ಬೀಸಿದ ಗಂಡಸು ಪರದೆಯ ಮೇಲೆ ಹಾಗೇ ನಿಂತ.

"ನೀನು... ಕಾರ್ಖಾನೆ?"

"ಕಾರ್ಖಾನೆ ಹಾಳಾಗ್ಲಿ. ನಾನೇನೋ ನೀವು..." ಅವಳಿಗೆ ಉಳಿದದ್ದನ್ನು ಹೇಳಲು ನಾಚಿಕೆಯಾಯಿತು. "ಹೊಡೆಯೋದನ್ನ ಯಾಕೆ ಹಾರಿಸ್ತೀರ ಮಾವ?"

"ಮಗು ಇರುತ್ತಲ್ಲಮ್ಮ ಎದುರಿಗೆ. ಮನೆಮಂದಿ ಕೂತು ನೋಡುವಂಥದ್ದಾ ಇದು?"

"ಹಾಗಾದ್ರೆ ಬೇರೆ ಸಿನಿಮಾ ಹುಡುಕಿ."

"ಎಲ್ಲಿದೆ ಬೇರೆ?" ಮಾವನ ದನಿ ಏರಿತು. "ಮುತ್ತಿರೋದು ತೆಗೆದೆ, ಕುಡಿತ ಇರೋದು ತೆಗೆದೆ, ರಕ್ತ ಇರೋದು ತೆಗೆದೆ. ಉಳಿಯೋದೇ ಇಂಥವು. ಸಂಸಾರದ ಕಥೆ ಅಂದ್ರೆ ಒಂದು ಏಟು ಇದ್ದೇ ಇರುತ್ತೆ. ಅದನ್ನ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ಪುಟ್ಟ ಮಕ್ಕಳೂ ನೋಡಬಹುದು ಅಂತ ಬರೆದಿದಾರೆ, ಓದು ಬೇಕಾದ್ರೆ."

ಸೊಸೆ ಓದಿದಳು. ಹಾಗೇ ಬರೆದಿತ್ತು. ತುಟಿಗೆ ತುಟಿ ತಾಗಿದರೆ ಸಂಸಾರ ಕೆಡುತ್ತದೆ, ಕೆನ್ನೆಗೆ ಕೈ ತಾಗಿದರೆ ಅದೇ ಸಂಸಾರ. ಇಂಥ ತಕ್ಕಡಿ ಹಿಡಿದು ಕೂತವರು ಯಾರೋ, ಅವರ ಮನೆಯಲ್ಲಿ ಯಾರು ಯಾರ ಏಟು ತಿನ್ನುತ್ತಾರೋ.

"ಮಗುಗೋಸ್ಕರ ಮಾತ್ರನಾ ಮಾವ?"

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ತುಂಬ ಹೊತ್ತು ಒರೆಸಿದರು.

"ಸಣ್ಣಿ ಬಂದ ಹೊಸದರಲ್ಲಿ, ಮೊದಲೇ ನೋಡಿ ಪಾಸು ಮಾಡದೆ ಒಂದು ಚಿತ್ರ ಹಾಕಿದ್ದೆ. ನೀನು ಒಳಗಿದ್ದೆ. ಅದರಲ್ಲೂ ಇಂಥದ್ದೇ ಬಂತು. ಅವನ ಕೈ ಇನ್ನೂ ಎತ್ತಿರಲಿಲ್ಲ. ಬರೀ ಬಾಗಿಲು ಹಾಕ್ಕೊಂಡ, ಅಷ್ಟೇ. ಇವಳು ಎರಡೂ ಕೈಯಲ್ಲಿ ಕಿವಿ ಮುಚ್ಕೊಂಡಳು. ಏಟು ಬೀಳೋಕೆ ಮುಂಚೆ! ಬೀಳುತ್ತೆ ಅಂತ ನನಗೇ ಗೊತ್ತಿರಲಿಲ್ಲ, ಇವಳಿಗೆ ಗೊತ್ತಿತ್ತು. ತಕ್ಷಣ ಹಾರಿಸಿಬಿಟ್ಟೆ, ಏಟು ಬಿದ್ದಿದ್ದನ್ನ ಮಾರನೇ ದಿನ ಒಬ್ಬನೇ ನೋಡಿದೆ."

"ಅಂದ್ರೆ ನಿಮಗೆ ಆವತ್ತಿನಿಂದ ಗೊತ್ತು."

ಮಾವ ಬಗ್ಗಿ ರಿಮೋಟು ಎತ್ತಿಕೊಂಡರು.

"ಗೊತ್ತಿದ್ದೂ ಕಳಿಸ್ತೀನಿ ಅಂತ ಒಪ್ಪಿದ್ರಿ."

"ಗಂಡು ನೋಡಿದವನು ನಾನು. ಮೆಚ್ಚಿದವನು ನಾನು. ಈಗ ಅವನು ಹೀಗೆ ಅಂತ ಬಾಯಿಬಿಟ್ಟರೆ..." ಮಾವ ಕನ್ನಡಕ ಮತ್ತೆ ಏರಿಸಿಕೊಂಡರು. "ಅವನೂ ತಿದ್ಕೋತಾನೆ. ವಯಸ್ಸು."

"ಸಿನಿಮಾದ ಹೆಂಗಸಿಗೆ ಬೀಳೋ ಏಟು ನಿಮ್ಮ ಕೈಲಿ ನೋಡೋಕಾಗಲ್ಲ. ನೋಡೋಕಾಗದ್ದನ್ನ ತಿನ್ನೋಕೆ ಮಗಳನ್ನ ಕಳಿಸ್ತೀರ?"

"ಮೆಲ್ಲಗೆ ಮಾತಾಡು, ನಿಮ್ಮತ್ತೆ ಏಳ್ತಾಳೆ."

"ಏಳಲಿ ಅಂತಾನೇ ಮಾತಾಡ್ತಿರೋದು!"

ಆದರೆ ಎದ್ದದ್ದು ಅತ್ತೆಯಲ್ಲ. ಹೊರಬಾಗಿಲು ಸದ್ದಾಗಿ ಚೂಟಿ, "ತಾತ ಸಿನಿಮಾ ನೋಡ್ತಿದಾರೆ!" ಎಂದು ಕೂಗುತ್ತ ಓಡಿಬಂದಳು. ಹಿಂದೆ ನಾದಿನಿ. ಪರದೆಯ ಮೇಲೆ ನಿಂತಿದ್ದ ಕೈಯನ್ನು ಅವಳು ನೋಡಿದಳು, ಅಪ್ಪನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ಚೂಟಿಯ ಊಟದ ಡಬ್ಬಿ ತೊಳೆಯಲು ಒಳಗೆ ಹೋದಳು.

ಆ ಭಾನುವಾರ ಹಾಲಿನ ಸಿನಿಮಾವೇ ಬಂತು. ಮಾವ ಹಾಲು ಉಕ್ಕುವ ಮುಂಚೆ ಒತ್ತಿದರು. ಹಾಲು ನೋಡುತ್ತಿದ್ದವಳು ಮರುಕ್ಷಣ ಅಣ್ಣನ ಮನೆಯ ಬಾಗಿಲು ತಟ್ಟುತ್ತಿದ್ದಳು.

"ಹಾಲು ಕಾಯಿಸಬೇಕಾಯ್ತು ಅಂತ ಮನೆ ಬಿಟ್ಟಳಾ ಮಹಾರಾಣಿ?" ಎಂದರು ಅತ್ತೆ. "ನಮ್ಮ ಕಾಲದಲ್ಲಿ ನಾವೂ ಇದ್ವಪ್ಪ."

ಸೊಸೆಗೆ ತಡೆಯಲಾಗಲಿಲ್ಲ. "ಮಾವ, ಸ್ವಲ್ಪ ಹಿಂದಕ್ಕೆ ಹಾಕಿ. ಅತ್ತೆ ನೋಡಲಿ."

"ಏನೇ ಅದು ನೋಡುವಂಥದ್ದು?"

"ಏನಿಲ್ಲ ಬಿಡಮ್ಮ," ಎಂದ ಗಂಡ. "ಚೆಕ್ಕಿಂಗ್‌ಗೆ ಭಾನುವಾರಾನೂ ಓವರ್‌ಟೈಮ್."

"ನೀವು ಸುಮ್ನಿರಿ. ಮಾವ, ಹಾಕ್ತೀರೋ ಇಲ್ವೋ?"

ಮಾವ ರಿಮೋಟನ್ನು ಮಡಿಲಲ್ಲಿ ಅವುಚಿಕೊಂಡು ಗೋಡೆ ನೋಡಿದರು. "ಮಗು ಇದೆ," ಎಂದಷ್ಟೇ ಹೇಳಿದರು.

"ಮಾವನ ಎದುರು ಏನೇ ಇದು ದನಿ?" ಅತ್ತೆ ಕಡಲೆಬೀಜದ ತಟ್ಟೆ ಸರಿಸಿದರು. "ಒಂದು ತಿಂಗಳಿಂದ ನೋಡ್ತಿದೀನಿ. ಸಣ್ಣಿ ಬಂದಿದ್ದು ನಿನಗೆ ಕಣ್ಣಿಗೆ ಮಣ್ಣು ಬಿದ್ದಂಗಾಗಿದೆ. ಇನ್ನೊಂದು ವಾರ ತಡ್ಕೋ, ಹೋಗ್ತಾಳೆ."

ನಾದಿನಿ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಂತು. ಸೊಸೆ ಹಿಂದೆಯೇ ಹೋಗಿ, ಅವಳ ಕೈಯಿಂದ ಪಾತ್ರೆ ಕಸಿದು, ನಲ್ಲಿ ನಿಲ್ಲಿಸಿದಳು.

"ಎಲ್ಲಿ ಹೊಡೀತಾನೆ ಸಣ್ಣಿ?"

ನಾದಿನಿ ನಕ್ಕಳು. ಆ ನಗು ಸೊಸೆಗೆ ಹಿಡಿಸಲಿಲ್ಲ.

"ಈಗ ಕೇಳ್ತಿದ್ದೀಯ ಅತ್ತಿಗೆ? ಬಂದ ದಿನ ನೀನು ಬಾಗಿಲು ತೆಗೆದೆ. ನನ್ನ ಮುಖ ನೋಡಿ, ಚೀಲ ನೋಡಿ, ಚೂಟಿ ಕೋಣೆ ನೋಡಿದೆ. ಅಲ್ಲಿಂದ ಇಲ್ಲೀತನಕ ಕಾಯ್ತಿದ್ದೀನಿ, ಇವಳಾದ್ರೂ ಕೇಳ್ತಾಳೆ ಅಂತ. ಬಾಗಿಲು ತಗುಲಿತು ಅಂದೆ. ಅಂಗಿ ಕಾಲರಲ್ಲಿ ಒಂದು ದಾರ ಬಿಟ್ಟಿದ್ದರೆ ವಾಪಸ್ ಕಳಿಸೋಳು ನೀನು. ನನ್ನ ಮಾತನ್ನ ಪಾಸು ಮಾಡಿಬಿಟ್ಟೆ."

ಸೊಸೆಗೆ ಕೆನ್ನೆಗೆ ಬಿಗಿದ ಹಾಗಾಯಿತು.

"ಕೋಣೆ ಲೆಕ್ಕ ನಾನೂ ಹಾಕಿದ್ದೆ," ಎಂದಳು ಕೊನೆಗೆ. "ಇಲ್ಲ ಅನ್ನಲ್ಲ. ಈಗ ಕೇಳ್ತಿದ್ದೀನಿ, ಹೇಳು."

"ಈಗ ಹೇಳಲ್ಲ. ಒಬ್ಬೊಬ್ಬರ ಕಿವೀಲಿ ಒಂದೊಂದು ಸಲ ಅಳೋಕೆ ನನ್ನಿಂದಾಗಲ್ಲ." ಅವಳು ಪಾತ್ರೆ ವಾಪಸ್ಸು ಕಿತ್ತುಕೊಂಡಳು. "ನಿನ್ನನ್ನೂ ಪೂರ್ತಿ ನಂಬಿಲ್ಲ ನಾನು, ತಿಳ್ಕೋ."

ಆ ವಾರವಿಡೀ ಮನೆಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಬೆನ್ನು ನೋಡುತ್ತ ನಡೆದರು. ಅತ್ತೆ ಮಗಳ ಬಟ್ಟೆ ಮಡಚಿ ಚೀಲಕ್ಕಿಟ್ಟರೆ, ಯಾರೋ ತೆಗೆದು ಹೊರಗಿಡುತ್ತಿದ್ದರು. ಅತ್ತೆಗೆ ಸೊಸೆಯ ಮೇಲೆ ಗುಮಾನಿ, ಸೊಸೆಗೆ ನಾದಿನಿಯ ಮೇಲೆ. ಗಂಡ ಮಾತ್ರ ಊಟಕ್ಕೆ ಕೂತಾಗಲೆಲ್ಲ ಉಪ್ಪು ಕಮ್ಮಿ ಎಂದ. ಮಾವ ಮಧ್ಯಾಹ್ನ ಟಿ.ವಿ. ಹಾಕಲಿಲ್ಲ. "ಈ ವಾರ ಯಾವುದೂ ಪಾಸಾಗಲಿಲ್ಲವಾ?" ಎಂದು ಅತ್ತೆ ಕೇಳಿದ್ದಕ್ಕೆ, "ಕಣ್ಣು ಉರಿ," ಎಂದರು.

ಭಾನುವಾರ ಅಳಿಯ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು, ಚೂಟಿಗೆ ಬಣ್ಣದ ಪೆನ್ಸಿಲ್ಲು, ಅತ್ತೆಗೆ ಮಂಡಿನೋವಿನ ಎಣ್ಣೆ, ಮಾವನಿಗೆ ಕಣ್ಣಿನ ಹನಿ. ಅವನು ಬಂದಾಗಲೆಲ್ಲ ಮನೆಗೆ ಔಷಧಿಯ ವಾಸನೆ ಬರುತ್ತಿತ್ತು. ಅತ್ತೆ ಅನ್ನ, ಬೇಳೆ, ಎರಡು ಬಗೆಯ ಪಲ್ಯ ಮಾಡಿಸಿದ್ದರು. ಎಲ್ಲರೂ ಕೂತರು. ನಾದಿನಿ ಬಡಿಸಿದಳು, ಮಣಿಕಟ್ಟಿನವರೆಗೆ ಅದೇ ತೋಳು.

"ಊಟ ಮುಗಿಸಿ ಒಂದು ಒಳ್ಳೇ ಸಿನಿಮಾ ನೋಡೋಣ ಮಾವ," ಎಂದ ಅಳಿಯ. "ಮನೆಮಂದಿ ಕೂತು ನೋಡೋ ಥರದ್ದು. ಆಮೇಲೆ ಇವಳನ್ನ ಕರ್ಕೊಂಡು ಹೊರಡ್ತೀನಿ. ಸಂಜೆ ನಾನೇ ಅಂಗಡಿ ತೆಗೀಬೇಕು."

"ಹ್ಞೂ ಮತ್ತೆ," ಎಂದರು ಅತ್ತೆ, ಅವನ ತಟ್ಟೆಗೆ ತುಪ್ಪ ಬಡಿಸುತ್ತ. "ಏನೋ ಸಣ್ಣಪುಟ್ಟದ್ದು ಇರುತ್ತೆ. ದೊಡ್ಡೋರು ಹೇಳಿಲ್ವಾ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

"ನಮ್ಮ ಮನೇಲಿ ಉಂಡ ಮೇಲೇ ಶುರುವಾಗೋದು ಅಮ್ಮ."

ಸೌಟು ಹಿಡಿದೇ ನಿಂತು ಹೇಳಿದಳು ನಾದಿನಿ. ದನಿ ಏರಿರಲಿಲ್ಲ.

"ಅಂಗಡಿ ಮುಚ್ಚಿ ಬರ್ತಾನೆ. ಕೈಕಾಲು ತೊಳೀತಾನೆ. ಪಲ್ಯ ಚೆನ್ನಾಗಿದೆ ಅಂತಾನೆ. ತಟ್ಟೆ ಎತ್ತಿದ ಮೇಲೆ ಬಾಗಿಲು ಹಾಕಿ, ಇವತ್ತು ಯಾರ ಹತ್ರ ಮಾತಾಡ್ದೆ ಅಂತ ಕೇಳ್ತಾನೆ. ಯಾರ ಹತ್ರಾನೂ ಇಲ್ಲ ಅಂದ್ರೆ, ಸುಳ್ಳಿ ಅಂತ ಹೊಡೀತಾನೆ. ತರಕಾರಿಯವನ ಹತ್ರ ಅಂದ್ರೆ, ನಿಜ ಹೇಳಿದ್ದಕ್ಕೆ ಹೊಡೀತಾನೆ."

"ಏಯ್," ಎಂದ ಅಳಿಯ, ನಗುತ್ತಲೇ. "ಮಗು ಮುಂದೆ ಇದೆಲ್ಲ ಬೇಕಾ?"

ಸೊಸೆಯ ಗಂಡ ತಟ್ಟನೆ, "ಚೂಟಿ, ಹೊರಗೆ ಆಡ್ಕೋ ಹೋಗು" ಎಂದ. ಚೂಟಿ ಅರ್ಧ ಎದ್ದಳು.

"ಬೇಡ," ಎಂದರು ಮಾವ. "ಕೂತ್ಕೊಳ್ಳಲಿ."

ಸೊಸೆ ಮಾವನನ್ನು ನೋಡಿದಳು. ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ್ದರು, ಕಣ್ಣು ತಟ್ಟೆಯಲ್ಲೇ ಇತ್ತು. ಈ ಧೈರ್ಯವೂ ಎಷ್ಟು ಹೊತ್ತು ಎಂದು ಅವಳಿಗೆ ಅನುಮಾನ.

"ಹೇಳಮ್ಮ ಸಣ್ಣಿ," ಎಂದರು.

"ಆಮೇಲೆ ಮುಲಾಮು ತರ್ತಾನೆ. ಗುರುತು ಬೇಗ ಹೋಗೋಕೆ ಯಾವುದು ಹಚ್ಚಬೇಕು ಅಂತ ಅವನಿಗೇ ಚೆನ್ನಾಗಿ ಗೊತ್ತು. ಅಂಗಡಿನೇ ಇದೆಯಲ್ಲ. ಹಚ್ಚುವಾಗ ಅಳ್ತಾನೆ. ಅವನ ಕಣ್ಣೀರೂ ನಾನೇ ಒರೆಸಬೇಕು."

ಅಳಿಯನ ನಗು ಈಗ ಒಣಗಿತು. ಅವನು ಮಾವನ ಕಡೆ ತಿರುಗಿ, ಗಿರಾಕಿಗೆ ತಿಳಿಹೇಳುವವನ ಹಾಗೆ ಕೈ ಚಾಚಿದ. "ನೋಡಿ ಮಾವ, ಅದಕ್ಕೇ ನಾನು ಬೇಗ ಕಳಿಸಿ ಅಂದಿದ್ದು. ಇಲ್ಲಿ ಬಂದು ವಾರ ವಾರ ಸಿನಿಮಾ ನೋಡಿ ನೋಡಿ ತಲೆ ಕೆಟ್ಟಿದೆ ಇವಳಿಗೆ. ಅದರಲ್ಲಿರೋದನ್ನೇ ಕಥೆ ಕಟ್ಟಿ ಹೇಳ್ತಿದ್ದಾಳೆ."

"ಇಲ್ಲಪ್ಪ." ಮಾವ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು. "ಅದನ್ನ ಅವಳು ಸಿನಿಮಾದಲ್ಲಿ ನೋಡಿಲ್ಲ. ನಾನು ನೋಡೋಕೆ ಬಿಟ್ಟಿಲ್ಲ. ಹೆಂಗಸಿನ ಮೇಲೆ ಕೈ ಎತ್ತಿದ ಒಂದು ಜಾಗಾನೂ ಈ ಮನೇಲಿ ಓಡಿಲ್ಲ. ಅಷ್ಟನ್ನೂ ನಾನೇ ಹಾರಿಸಿದೀನಿ, ಈ ಕೈಯಲ್ಲಿ."

ಅತ್ತೆಯ ಕೈಯಲ್ಲಿದ್ದ ತುಪ್ಪದ ಚಮಚ ಅಲ್ಲೇ ನಿಂತಿತು. "ಏನಂದ್ರಿ?"

"ಯಾರೂ ಸುಮ್ಸುಮ್ನೆ ಮನೆ ಬಿಡಲಿಲ್ಲ ಕಣೆ. ಒಬ್ಬಳೂ ಬಿಡಲಿಲ್ಲ. ನೀನು ಬೈತಿದ್ದೆಯಲ್ಲ, ಅವರೆಲ್ಲ ಏಟು ತಿಂದೇ ಹೊರಟಿದ್ದು. ನಾನು ನಿನಗೆ ತೋರಿಸಲಿಲ್ಲ."

ಅಳಿಯ ಎದ್ದ. ಕೈ ತೊಳೆದ. ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. "ಯೋಚನೆ ಮಾಡಿ. ಇವತ್ತು ನಾನಾಗಿ ಬಂದಿದೀನಿ. ಮತ್ತೆ ಬರಲ್ಲ. ನಾಳೆ ಬೀದಿಯೋರು ಕೇಳಿದ್ರೆ ಏನು ಹೇಳ್ತೀರೋ ನಿಮಗೆ ಬಿಟ್ಟಿದ್ದು," ಎಂದ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ, ಯಾರಾದರೂ ತಡೆಯುತ್ತಾರೆ ಎಂಬ ಹಾಗೆ. ಗಂಡ ಎದ್ದೇಬಿಟ್ಟಿದ್ದ, ಸೊಸೆ ಅವನ ಅಂಗಿಯ ತುದಿ ಹಿಡಿದು ಕೂರಿಸಿದಳು. ಹೊರಗೆ ಬೈಕು ಸದ್ದಾಯಿತು, ತಿರುವಿನಲ್ಲಿ ಅಡಗಿತು.

ಒಳಗೆ ಯಾರೂ ಊಟ ಮುಂದುವರಿಸಲಿಲ್ಲ. ಅತ್ತೆ ಮಗಳನ್ನೇ ನೋಡುತ್ತಿದ್ದರು, ಇನ್ನೂ ನಂಬದ ಕಣ್ಣು.

"ಬಾಗಿಲು ತಗುಲಿತು ಅಂದಿದ್ದೆಯಲ್ಲೇ."

"ನೀನು ನಂಬಿದ್ದೆಯಲ್ಲಮ್ಮ."

"ಯಾವಾಗಿಂದ?"

"ಮದುವೆಯಾದ ವರ್ಷವೇ. ನೀನು ನೋಡೋಕೆ ಬಂದಿದ್ದೆ, ನೆನಪಿದೆಯಾ? ಜ್ವರ ಅಂತ ಹೊದ್ದು ಮಲಗಿದ್ದೆ. ನೀನು ಹೊದಿಕೆ ಮೇಲಿಂದಾನೇ ಬೆನ್ನು ಸವರಿದೆ. ಎಷ್ಟು ನೋವಾಯ್ತು ಗೊತ್ತಾ?"

ಅತ್ತೆ ಮಂಡಿಗೆ ಕೈಕೊಟ್ಟು ಎದ್ದರು. ಮಗಳ ಹತ್ತಿರ ಹೋಗಿ, ಅವಳನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಅಂಗಿಯ ಕಾಲರನ್ನು ಹಿಂದಿನಿಂದ ಕೆಳಕ್ಕೆ ಎಳೆದು ನೋಡಿದರು. ತೋಳು ಮಡಚಿ ನೋಡಿದರು. ಇನ್ನೊಂದು ತೋಳನ್ನೂ ಮಡಚಿದರು. ಗಂಡನ ಕಣ್ಣು ಫ್ಯಾನಿನ ಕಡೆ ಹೋಗಿತ್ತು. "ರೀ, ಇಲ್ಲಿ ನೋಡಿ," ಎಂದಳು ಸೊಸೆ. ಅವನು ನೋಡಿದ.

ಅತ್ತೆ ಅಳುತ್ತಾರೆ ಎಂದುಕೊಂಡಳು ಸೊಸೆ. ಅಳುತ್ತ ಮತ್ತೆ ಏನಾದರೂ ಗಾದೆ ಹೇಳುತ್ತಾರೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುತ್ತಾರೆ, ನಾಳೆ ಚೀಲಕ್ಕೆ ಮತ್ತೆ ಬಟ್ಟೆ ಹೋಗುತ್ತದೆ. ಅತ್ತೆ ಮಗಳ ತೋಳನ್ನು ಇಳಿಸಿ, ಗುಂಡಿ ಹಾಕಿ, ಮಗನ ಕಡೆ ತಿರುಗಿದರು.

"ವ್ಯಾನ್ ತೆಗಿ."

"ಎಲ್ಲಿಗಮ್ಮ?"

"ಅವಳ ಬಟ್ಟೆಬರೆ, ಓದಿದ ಸರ್ಟಿಫಿಕೇಟು, ನಾವು ಕೊಟ್ಟ ಹೊಲಿಗೆ ಮೆಷೀನು, ಎಲ್ಲ ಅಲ್ಲೇ ಬಿದ್ದಿದೆ. ಅವನು ಈಗ ಅಂಗಡಿಗೆ ಹೋಗ್ತಾನೆ. ಮುಚ್ಚಿ ಮನೆ ಸೇರೋದ್ರೊಳಗೆ ತಂದುಬಿಡಬೇಕು."

"ಬೀಗ ಹಾಕಿರುತ್ತಲ್ಲ..."

"ಕೀ ನನ್ನ ಹತ್ರ ಇದೆ," ಎಂದಳು ನಾದಿನಿ. "ನಾನೂ ಬರ್ತೀನಿ. ಯಾವುದು ಎಲ್ಲಿದೆ ಅಂತ ನನಗೇ ಗೊತ್ತಿರೋದು."

ಮಾವ ಆಗಲೇ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಸೊಸೆ ಎಂಜಲು ತಟ್ಟೆಗಳಿಗೆ ಕೈಹಾಕಿದಳು.

"ಬಿಡೆ, ಪಾತ್ರೆ ಎಲ್ಲಿಗೂ ಓಡಿಹೋಗಲ್ಲ," ಎಂದರು ಅತ್ತೆ. "ಮೆಷೀನು ಭಾರ. ನೀನೊಂದು ಕಡೆ ಹಿಡಿ, ನಾನೊಂದು ಕಡೆ ಹಿಡೀತೀನಿ."